ಅಡಿಕೆ ಚೊಗರು ಹತ್ತಿ ನೂಲಿಗೆ ಹಿಡಿಯಿತು: ನನ್ನ ಅನುಭವ

ಚೊಗರು ಅಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ನೀರು. ಅದರ ಬಣ್ಣ ರೇಷ್ಮೆಗಾದರೆ ಸರಿ, ಹತ್ತಿಗೆ ಎರಡು ಒಗೆತಕ್ಕೆ ಹೋಗುತ್ತದೆ ಅಂತ ಹೇಳಿದವರೇ ಜಾಸ್ತಿ. ಈಗ ಅವರಲ್ಲೇ ಒಂದಿಬ್ಬರು ಗುಬ್ಬಿ ಹತ್ತಿರದ ನಮ್ಮ ಶೆಡ್ಡಿಗೆ ಬಂದು ಬಣ್ಣ ಹಾಕಿದ ಲಡಿ (ನೂಲಿನ ಕಟ್ಟು) ಕೇಳುತ್ತಾರೆ. ಬಣ್ಣ ನೂಲಿಗೆ ಹಿಡಿಯಲೆಂದು ಹಾಕುವ ಅಳಲೆಕಾಯಿ, ಪಟಿಕ, ಅನ್ನಭೇದಿ (ಕಬ್ಬಿಣದ ಉಪ್ಪು) ಬಗ್ಗೆ ಉದ್ದ ಪಾಠ ಬೇಡ.

ಅಡಿಕೆ ಬೇಯಿಸುವವರು ಗಟ್ಟಿ ಚೊಗರು ಕೊಡುವುದಿಲ್ಲ. ಅಡಿಕೆಗೆ ಬಣ್ಣ ಕಟ್ಟಲು ಅವರಿಗೇ ಬೇಕು. ನಾನು ಕೇಳುವುದು ಸುಗ್ಗಿಯ ಕೊನೆಯಲ್ಲಿ ಉಳಿಯುವ ತೆಳು ನೀರು. ಮೊದಲ ವರ್ಷ ಪುಕ್ಕಟೆ ಸಿಕ್ಕಿತು. ನಾನು ಪದೇಪದೇ ಬರುವುದನ್ನು ನೋಡಿ ಮರುವರ್ಷ ಒಂದು ಕ್ಯಾನಿಗೆ 100 ರೂಪಾಯಿ ಅಂದರು, ಈಗ 150ರ ಹತ್ತಿರ. ಅದನ್ನು ಸುಮ್ನೆ ಇಟ್ಟರೆ ವಾರದೊಳಗೆ ಬೂಷ್ಟು ಬರುತ್ತದೆ. ವರ್ಷವಿಡೀ ಕೆಡದಂತೆ ಇಡುವ ಉಪಾಯ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ತಲೆ ತಿಂದಿದ್ದು ಬೋರ್ ನೀರು. ಅದೇ ಚೊಗರು, ಅದೇ ಅಳತೆ, ಆದರೆ ಒಂದು ಲಡಿ ಕೆಮ್ಮಣ್ಣಿನ ಬಣ್ಣ, ಇನ್ನೊಂದು ಬೂದು. ಎಲೆ ಅಡಿಕೆಗೆ ಸುಣ್ಣ ಸೇರಿದರೆ ಬಾಯಿ ಕೆಂಪಾಗುತ್ತದಲ್ಲ, ಹಂಡೆಯಲ್ಲೂ ಅದೇ ನಡೆಯುತ್ತಿತ್ತು. ಗಡಸು ನೀರನ್ನು ಕುದಿಸಿದಷ್ಟೂ ಅದರ ಕ್ಷಾರ ಏರುತ್ತದೆ, ಚೊಗರು ಕೆಂಪಿಗೆ ತಿರುಗುತ್ತದೆ. ಜೊತೆಗೆ ಹಳೇ ಪೈಪಿನ ತುಕ್ಕು ಸೇರಿದರೆ ಚೊಗರಿನ ಒಗರು ಅಂಶ, ಅಂದರೆ ಟ್ಯಾನಿನ್, ಕಬ್ಬಿಣಕ್ಕೆ ಅಂಟಿಕೊಂಡು ಕಪ್ಪಾಗುತ್ತದೆ. ಬೆಂಗಳೂರಿನ ಒಬ್ಬ ವ್ಯಾಪಾರಿ ಇಪ್ಪತ್ತು ಕೆಜಿಯಷ್ಟು ನೂಲನ್ನು ವಾಪಸ್ ಕಳಿಸಿದರು. ನೂಲು, ಕೂಲಿ, ಸೌದೆ ಎಲ್ಲ ಸೇರಿ 20 ಸಾವಿರಕ್ಕೆ ಪಂಗನಾಮ.

ಆಮೇಲೆ ಶೆಡ್ಡಿನ ಶೀಟಿಗೆ ದೋಣಿ ಕಟ್ಟಿಸಿ ಮಳೆ ನೀರು ಹಿಡಿದೆ. ಸಾವಿರ ಚದರಡಿ ಮಾಡು, ದೊಡ್ಡ ಟ್ಯಾಂಕು, ಸೋಸುವ ಡ್ರಮ್ಮು, ಖರ್ಚು 45 ಸಾವಿರ ದಾಟಿತು. ‘ಆಕಾಶದಿಂದ ಪುಕ್ಕಟೆ ಬೀಳೋದಕ್ಕೂ ದುಡ್ಡು ಸುರೀತೀಯಲ್ಲೋ’ ಅಂತ ನಮ್ಮ ಭಾವ ನಕ್ಕರು. ತೊಳೆಯಲು ಈಗಲೂ ಬೋರ್ ನೀರೇ. ಪಟಿಕಕ್ಕೆ ಮತ್ತು ಚೊಗರಿನ ಹಂಡೆಗೆ ಮಾತ್ರ ಮಳೆ ನೀರು. ಅವತ್ತಿನಿಂದ ಲಡಿಗೂ ಲಡಿಗೂ ವ್ಯತ್ಯಾಸ ಹುಡುಕಿದರೂ ಸಿಗುವುದಿಲ್ಲ.

ಅಳಲೆಕಾಯಿ ಮೊದಲು, ಆಮೇಲೆ ನೂಲಿನ ತೂಕದ ಶೇ 15ರ ಆಸುಪಾಸು ಪಟಿಕ. ಚೊಗರನ್ನು ಕುದಿಯಲು ಬಿಡುವುದಿಲ್ಲ. ಮೂರು ಸಲ ಅದ್ದಿ, ನಡುವೆ ನೆರಳಲ್ಲಿ ಒಣಗಿಸುತ್ತೇನೆ. ಎಷ್ಟು ದಿನ ಒಣಗಬೇಕು ಅನ್ನುವುದನ್ನು ನೀವೇ ಮಾಡಿ ನೋಡಿ. ನನಗೂ ಯಾರೂ ಹೇಳಿಕೊಡಲಿಲ್ಲ.

ಅನ್ನಭೇದಿ ಶೇ 1 ದಾಟಿದರೆ ನನಗೆ ಭಯ. ಕಪ್ಪು ಚೆನ್ನಾಗಿ ಬರುತ್ತದೆ, ನಿಜ. ಆದರೆ ಜಾಸ್ತಿ ಹಾಕಿ ನೇಯಿಸಿದ ಟವೆಲ್ಲುಗಳು ಆರೇಳು ತಿಂಗಳಿಗೆ ಹಪ್ಪಳದ ಹಾಗೆ ಮುರಿದವು. ಮೈಲುತುತ್ತ (ತಾಮ್ರದ ಉಪ್ಪು) ಹಾಕು, ಬಣ್ಣ ಅಲ್ಲಾಡುವುದಿಲ್ಲ ಅಂತ ತೋಟದವರೊಬ್ಬರು ಹೇಳಿದರು. ಅಡಿಕೆಯ ಕೊಳೆ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಅವರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಬಣ್ಣ ನಿಲ್ಲುತ್ತದೆ ಸರಿ, ಆ ತಾಮ್ರದ ನೀರನ್ನು ಎಲ್ಲಿ ಚೆಲ್ಲೋದು?

ನೈಸರ್ಗಿಕ ಅಂದ ಕೂಡಲೇ ಕುಡಿಯಬಹುದು ಅನ್ನುವ ಹಾಗೆ ಮಾತಾಡುವವರಿದ್ದಾರೆ. ಹತ್ತಿಗೆ ಹಾಕುವ ರಿಯಾಕ್ಟಿವ್ ಅನ್ನುವ ಕೆಮಿಕಲ್ ಬಣ್ಣಕ್ಕೆ ಲೀಟರ್ ನೀರಿಗೆ 40ರಿಂದ 80 ಗ್ರಾಂ ಉಪ್ಪು ಬೇಕು, ಅದು ಹೋಗಿ ಮಣ್ಣು ಸೇರುತ್ತದೆ. ಅದಕ್ಕೆ ಹೋಲಿಸಿದರೆ ನಮ್ಮದು ವಾಸಿ, ಅಷ್ಟೇ. ಚೊಗರಿನ ನೀರನ್ನು ಕೆರೆಗೆ ಬಿಟ್ಟರೆ ಅದು ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ, ಮೀನು ಸಾಯುತ್ತವೆ. ನಾವು ಗುಂಡಿಯಲ್ಲಿ ಸುಣ್ಣ ಹಾಕಿ ತಳ ಕೂರಿಸುತ್ತೇವೆ. ಮೇಲಿನ ತಿಳಿ ತೆಂಗಿಗೆ ಹೋಗುತ್ತದೆ, ಇಲ್ಲಿವರೆಗೆ ಮರಕ್ಕೆ ಏನೂ ಆಗಿಲ್ಲ.

ನಡುವೆ ಬೇರೆ ಹುಚ್ಚುಗಳೂ ಇದ್ದವು. ತಿಪಟೂರಿನಿಂದ ತೆಂಗಿನ ಸಿಪ್ಪೆ ತಂದು ನೆನೆಸಿದೆ. ಬಣ್ಣ ಪೇಲವ, ನಾತ ಮಾತ್ರ ಗಟ್ಟಿ, ಪಕ್ಕದ ಮನೆಯವರು ಜಗಳಕ್ಕೇ ಬಂದರು. ಶಿರಾ ಕಡೆಯಿಂದ ಸ್ವಲ್ಪ ಬಿಳಿ ಉಣ್ಣೆ ತರಿಸಿ ಅದ್ದಿದರೆ ಒಂದೇ ಸಲಕ್ಕೆ ಜೇನಿನ ಬಣ್ಣ! ಕೊಳ್ಳುವವರು ಸಿಕ್ಕಿಲ್ಲ. ಉಳಿದ ಚೊಗರನ್ನು ಹಳೇ ತೇಗದ ಕುರ್ಚಿಗೆ ಬಳಿದು ಮೇಲೆ ಅನ್ನಭೇದಿ ನೀರು ಒರೆಸಿದೆ. ಬೀಟೆ ಮರವಾ ಅಂತ ನೆಂಟರು ಕೇಳಿದರು, ನಾನು ಹೂಂ ಅಂದೆ.

ಈಗಿನ ಲೆಕ್ಕ ಹೀಗಿದೆ. ಒಂದು ಕೆಜಿ ನೂಲಿಗೆ ಬಣ್ಣ ಹಾಕಲು ಖರ್ಚು 280 ರೂಪಾಯಿ ಚಿಲ್ಲರೆ, ನಾನು ತೆಗೆದುಕೊಳ್ಳುವುದು 450. ಕೆಮಿಕಲ್ ಬಣ್ಣ ಇದರ ಅರ್ಧಕ್ಕೂ ಕಡಿಮೆಗೆ ಆಗುತ್ತದೆ, ಗಿರಾಕಿಗಳು ಅದನ್ನು ಹೇಳದೆ ಬಿಡುವುದಿಲ್ಲ. ಲ್ಯಾಬಿನ ಪರೀಕ್ಷೆಯಲ್ಲಿ ಒಗೆತಕ್ಕೆ 5ಕ್ಕೆ 4, ಬಿಸಿಲಿಗೆ 8ಕ್ಕೆ 4 ಬಂತು. ಬೆವರಿಗೆ ಮಾತ್ರ 5ಕ್ಕೆ 3. ಹಾಗಾಗಿ ಸೀರೆ, ಟವೆಲ್ಲು, ಹೊದಿಕೆಗೆ ಆರ್ಡರ್ ಹಿಡಿಯುತ್ತೇನೆ. ರವಿಕೆ ಕಣ ಯಾರೇ ಕೇಳಿದರೂ ಸದ್ಯಕ್ಕೆ ಇಲ್ಲ.