ಜರ್ನಲ್ ಕಿತ್ತ ಲಿನಕ್ಸ್ ಡಿಸ್ಕ್‌ನಿಂದ ತೋಟದ ಲೆಕ್ಕ ವಾಪಸ್ ತೆಗೆದದ್ದು

ಮಡಿಕೇರಿಯಲ್ಲೂ ಕುಶಾಲನಗರದಲ್ಲೂ "ಫಾರ್ಮ್ಯಾಟ್ ಮಾಡಿ, ಇದರಲ್ಲಿ ಏನೂ ಸಿಗಲ್ಲ" ಅಂತ ಹೇಳಿ ಕಳಿಸಿದ್ದ ಡಿಸ್ಕ್ ಇದು. ಬೆಂಗಳೂರಿನ ಒಂದು ಕಡೆ 30,000ದ ಮೇಲೆ ಕೇಳಿದ್ದರು, ಅದೂ ಗ್ಯಾರಂಟಿ ಇಲ್ಲದೆ. ಈಗ ಅದರಲ್ಲಿದ್ದ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಪಟ್ಟಿ), ಮಳೆ ಲೆಕ್ಕ ಎಲ್ಲ ಸಿದ್ದಾಪುರದ ಆ ತೋಟದ ಆಫೀಸಿನಲ್ಲಿ ಮೊದಲಿನಂತೆ ತೆರೆಯುತ್ತಿವೆ. ಗೋಣಿಕೊಪ್ಪದ ನನ್ನ ಚಿಕ್ಕ ಅಂಗಡಿಯಲ್ಲೇ ಆದ ಕೆಲಸ.

500 ಜಿಬಿಯ ಹಳೆಯ ಹಾರ್ಡ್ ಡಿಸ್ಕ್, ಇಎಕ್ಸ್‌ಟಿ4 (ಲಿನಕ್ಸ್ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ). ಕಂಪ್ಯೂಟರ್ ನಿಧಾನ ಅಂತ ಮಾಲೀಕರ ಮಗ ಆ ವ್ಯವಸ್ಥೆಯ ಸೆಟ್ಟಿಂಗ್ ಬದಲಿಸುವ ಟ್ಯೂನ್2ಎಫ್‌ಎಸ್ ಕಮಾಂಡ್ ಹಾಕಿ ಜರ್ನಲ್ ತೆಗೆಯಲು ಹೊರಟ. ಜರ್ನಲ್ ಅಂದರೆ ಡಿಸ್ಕಿಗೆ ಆಗುವ ಬದಲಾವಣೆಯನ್ನು ಮೊದಲು ಬರೆದಿಡುವ ಜಾಗ, ನಡುವೆ ಕರೆಂಟ್ ಹೋದರೆ ಅದನ್ನು ನೋಡಿಯೇ ಸರಿಮಾಡಿಕೊಳ್ಳುವುದು. ಹಿಂದಿನ ಸಲ ಕರೆಂಟ್ ಹೋಗಿ ಮೆಷಿನ್ ಸರಿಯಾಗಿ ಆಫ್ ಆಗಿರಲಿಲ್ಲ. ಹಾಗಾಗಿ ಮೊದಲು ಎಫ್‌ಎಸ್‌ಸಿಕೆ (ಡಿಸ್ಕ್ ತಪಾಸಣೆ, ರಿಪೇರಿ ಮಾಡುವ ಕಮಾಂಡ್) ಓಡಿಸಿ ಅಂತ ಟ್ಯೂನ್2ಎಫ್‌ಎಸ್ ತಡೆದಿದೆ. ಇವನು ಫೋರ್ಸ್ ಆಪ್ಷನ್ ಎರಡು ಸಲ ಕೊಟ್ಟಿದ್ದಾನೆ. ಎರಡು ಸಲ ಕೊಟ್ಟರೆ ಅದು ಮತ್ತೆ ತಡೆಯುವುದಿಲ್ಲ, ಜರ್ನಲ್‌ನಲ್ಲಿ ಬಾಕಿ ಇದ್ದ ಬರಹದ ಸಮೇತ ಕಿತ್ತು ಹಾಕುತ್ತದೆ. ಅದರ ಮೇಲೆ ಜುಲೈ ಮಳೆ. ಮರ ಲೈನಿನ ಮೇಲೆ ಬಿದ್ದು ಮತ್ತೆ ಕರೆಂಟ್ ಹೋಯಿತು. ಆಮೇಲೆ ಬೂಟ್ ಮಾಡಿದರೆ ಸಿಸ್ಟಮ್ ಪೂರ್ತಿ ಏಳದೆ ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್‌ನಲ್ಲೇ ನಿಲ್ಲುತ್ತಿತ್ತು. ಜೊತೆಗೆ ಸೂಪರ್‌ಬ್ಲಾಕ್‌ನ (ಇಡೀ ಫೈಲ್ ವ್ಯವಸ್ಥೆಯ ಮೂಲ ವಿವರ ಇರುವ ಜಾಗ) ಮ್ಯಾಜಿಕ್ ನಂಬರ್, ಅಂದರೆ ಗುರುತಿನ ಸಂಖ್ಯೆ, ಸರಿ ಇಲ್ಲ ಅನ್ನುವ ಸಾಲು.

ಅಸಲಿ ಡಿಸ್ಕ್‌ಗೆ ನಾನು ಒಂದಕ್ಷರವನ್ನೂ ಬರೆಯಲಿಲ್ಲ. 4,000ದ ಆಸುಪಾಸಿನಲ್ಲಿ 1 ಟಿಬಿ ಡಿಸ್ಕ್ ತರಿಸಿ, ಕೆಟ್ಟ ಡಿಸ್ಕ್ ಕಾಪಿ ಮಾಡುವ ಡಿಡಿರೆಸ್ಕ್ಯೂನಲ್ಲಿ ಇಮೇಜ್ (ಇಡೀ ಡಿಸ್ಕಿನ ಯಥಾಪ್ರತಿ) ತೆಗೆದೆ. ಎಲ್ಲಿಯವರೆಗೆ ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಡಲೇಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಕಾಪಿ ಅರ್ಧಕ್ಕೆ ನಿಲ್ಲುವುದು ಗ್ಯಾರಂಟಿ, ಮ್ಯಾಪ್ ಇದ್ದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಇನ್ವರ್ಟರ್ ಇದ್ದೂ ಹಲವು ಸಲ ನಿಂತಿತು. ಕೊನೆಗೆ ಕೆಲವು ಕೆಬಿ ಮಾತ್ರ ಓದಲಾಗಲಿಲ್ಲ. ಆ ಕೆಲವು ಕೆಬಿಯೇ ಆಮೇಲೆ ಕಾಟ ಕೊಟ್ಟದ್ದು.

ಸೂಪರ್‌ಬ್ಲಾಕ್‌ನ ಬ್ಯಾಕಪ್ ಪ್ರತಿಗಳು ಡಿಸ್ಕಿನ ಬೇರೆ ಬೇರೆ ಬ್ಲಾಕ್‌ಗಳಲ್ಲಿ ಇರುತ್ತವೆ. ಅದರಲ್ಲಿ 32768ನೇ ಬ್ಲಾಕ್ ಈ ಕೆಲಸದವರಿಗೆಲ್ಲ ಬಾಯಿಪಾಠ ಅಲ್ವಾ? ನಾನೂ ಅದನ್ನೇ ಕೊಟ್ಟೆ. ಎಫ್‌ಎಸ್‌ಸಿಕೆ ಶುರುವಾಯಿತು, ಆದರೆ ಐನೋಡ್ ಟೇಬಲ್‌ಗಳನ್ನು (ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ) ಬೇರೆ ಕಡೆ ಸರಿಸಲಾ ಅಂತ ಒಂದೇ ಸಮನೆ ಕೇಳತೊಡಗಿತು. ಎಲ್ಲದಕ್ಕೂ ಹೂಂ ಅಂದರೆ ಲಾಸ್ಟ್+ಫೌಂಡ್‌ನಲ್ಲಿ (ನೆಲೆ ತಪ್ಪಿದ ಫೈಲ್‌ಗಳನ್ನು ಎಫ್‌ಎಸ್‌ಸಿಕೆ ಹಾಕುವ ಫೋಲ್ಡರ್) ಸಾವಿರಾರು ಚೂರು, ಚೆಕ್‌ರೋಲ್ ಫೋಲ್ಡರ್ ಪತ್ತೆ ಇಲ್ಲ. ಆದರೆ ಓಡಿಸುವಾಗಲೇ ಹೈಫನ್ ಝೆಡ್ ಆಪ್ಷನ್ ಹಾಕಿ, ಮಾಡಿದ ಬದಲಾವಣೆ ವಾಪಸ್ ತಿರುಗಿಸಲು ಅನ್‌ಡೂ ಫೈಲ್ ಇಟ್ಟುಕೊಂಡಿದ್ದೆ. ಇ2ಅನ್‌ಡೂ ಕೊಟ್ಟೆ, ಇಮೇಜ್ ಮೊದಲಿನ ಸ್ಥಿತಿಗೆ ಬಂತು. ಈ ಆಪ್ಷನ್ ನಮ್ಮ ಕಡೆ ಯಾರೂ ಬಳಸಿದ್ದನ್ನು ನಾನು ನೋಡಿಲ್ಲ.

ಫೈಲ್ ವ್ಯವಸ್ಥೆಯ ವಿವರ ತೋರಿಸುವ ಡಂಪ್‌ಇ2ಎಫ್‌ಎಸ್‌ನಲ್ಲಿ ನೋಡಿದರೆ 32768ರ ಸೂಪರ್‌ಬ್ಲಾಕ್ ಚೆನ್ನಾಗಿಯೇ ಇತ್ತು. ಅದರ ಹಿಂದೆಯೇ ಇರುವ ಗ್ರೂಪ್ ಡಿಸ್ಕ್ರಿಪ್ಟರ್‌ಗಳು ಬಿದ್ದಿದ್ದು ಆ ಕೆಟ್ಟ ಸೆಕ್ಟರ್‌ಗಳ ಮೇಲೆ. ಐನೋಡ್ ಟೇಬಲ್ ಎಲ್ಲಿದೆ ಅಂತ ಹೇಳುವ ಜಾಗವೇ ಸೊನ್ನೆ ಆಗಿದ್ದರೆ ಅದು ಇನ್ನೇನು ಮಾಡೀತು? ಮುಂದಿನ ಬ್ಯಾಕಪ್ 98304. ಅದರಿಂದ ಬರೀ ಓದುವ ಮೋಡ್‌ನಲ್ಲಿ ಎಫ್‌ಎಸ್‌ಸಿಕೆ ಓಡಿಸಿದೆ. ಒಂದೂ ಟೇಬಲ್ ಸರಿಸುವ ಮಾತಿಲ್ಲ. ರಿಪೇರಿಗೆ ಮೊದಲೇ ಇಮೇಜನ್ನು ರೀಡ್ ಓನ್ಲಿ ಮೌಂಟ್ ಮಾಡಿ (ಏನೂ ಬರೆಯದೆ ಓದಲು ಮಾತ್ರ ತೆರೆದು), ಸಿಕ್ಕಿದ್ದನ್ನೆಲ್ಲ ಹೊರಗೆ ಎಳೆದುಕೊಂಡೆ. ಮೌಂಟ್‌ಗೆ ಎಸ್‌ಬಿ (ಯಾವ ಸೂಪರ್‌ಬ್ಲಾಕ್ ಬಳಸಬೇಕು ಅನ್ನುವ ಆಪ್ಷನ್) ಕೊಡುವಾಗ 98304 ನಡೆಯಲ್ಲ. ಅದು 1 ಕೆಬಿ ಲೆಕ್ಕದಲ್ಲಿ ಕೇಳುತ್ತದೆ. ಬ್ಲಾಕ್ 4 ಕೆಬಿ ಆಗಿದ್ದರೆ 393216 ಕೊಡಬೇಕು. ಎಷ್ಟೋ ಜನ ಇಲ್ಲೇ ಕೈಚೆಲ್ಲುತ್ತಾರೆ.

ರಿಪೇರಿ ಆದಮೇಲೂ ಕೆಲವು ಫೋಲ್ಡರ್ ಲಾಸ್ಟ್+ಫೌಂಡ್‌ಗೆ ಬಂದವು. ಫೋಲ್ಡರ್‌ನ ಹೆಸರು ಮಾತ್ರ ನಂಬರ್ ಆಗಿತ್ತು, ಒಳಗಿನ ಫೈಲ್‌ಗಳ ಹೆಸರು ಹಾಗೇ ಇತ್ತು. ಬಿಡಿ ಫೈಲ್‌ಗಳಿಗೆ ಹೆಸರೇ ಇಲ್ಲ. ಲಿಬ್ರೆ ಆಫೀಸ್ ಶೀಟ್ ಅಂದರೆ ಒಂದು ಜಿಪ್ ತಾನೇ. ಒಳಗಿನ ಎಕ್ಸ್‌ಎಂಎಲ್‌ನಲ್ಲಿ ಮಳೆ ಅಳತೆಯ "ಇಂಚು", "ಸೆಂಟ್ಸ್" ಅಂತ ಗ್ರೆಪ್ ಮಾಡಿ (ಪದ ಹುಡುಕುವ ಕಮಾಂಡ್) ಹುಡುಕಿದೆ. ಕಾಫಿ ಹೂ ಅರಳಿಸುವ ಹೂಮಳೆ, ಆಮೇಲೆ ಬರುವ ಬ್ಯಾಕಿಂಗ್ ಮಳೆ ಎಲ್ಲ ತಾರೀಖಿನ ಸಮೇತ ಸಿಕ್ಕಿತು. ಮಾಲೀಕರ ತಂದೆಯ ಕಾಲದ ಪುಸ್ತಕ ನೋಡಿ ರೈಟರ್ (ತೋಟದ ಗುಮಾಸ್ತ) ಕೂತು ಟೈಪ್ ಮಾಡಿದ್ದ ಲೆಕ್ಕ ಅದು. ಆ ಪುಸ್ತಕಕ್ಕೆ ಆಗಲೇ ಗೆದ್ದಲು ಹತ್ತಿತ್ತು.

ಸುಮ್ನೆ ನೋಡೋಣ ಅಂತ ಫೋಟೋರೆಕ್ (ಫೈಲ್‌ಗಳನ್ನು ಅವುಗಳ ಒಳಗಿನ ಗುರುತಿನಿಂದ ಹುಡುಕಿ ತೆಗೆಯುವ ಪ್ರೋಗ್ರಾಂ) ಕೂಡ ಓಡಿಸಿದೆ. ಬೇಕಾದ್ದು ಬೇಡದ್ದು ಸೇರಿ ರಾಶಿ ಬಂತು, ಒಂದಕ್ಕೂ ಹೆಸರಿಲ್ಲ. ಇಂಥ ಕೆಲಸಕ್ಕೆ ಅದು ಕೊನೆಯ ದಾರಿ. ಅದಕ್ಕಿಂತ ರುಚಿಯಾದ ಪ್ರಯೋಗ ಇನ್ನೊಂದು. ಜರ್ನಲ್ ಕಿತ್ತರೂ ಅದರ ಬ್ಲಾಕ್‌ಗಳು ಅಳಿಸಿಹೋಗುವುದಿಲ್ಲ, ಖಾಲಿ ಅಂತ ಗುರುತಾಗುತ್ತವೆ ಅಷ್ಟೇ. ಇಮೇಜ್ ತುಂಬ ಜರ್ನಲ್‌ನ ಗುರುತಾದ ಸಿ03ಬಿ3998 ಸಂಖ್ಯೆಯನ್ನು ಹುಡುಕಿದೆ, ಹಳೆಯ ಜರ್ನಲ್‌ನ ದೊಡ್ಡ ತುಂಡು ಸಿಕ್ಕಿತು. ಅದರಲ್ಲಿದ್ದ ಹಳೆಯ ಐನೋಡ್‌ಗಳಿಂದ ಕಳೆದ ವಾರದ ಕೂಲಿ ಶೀಟ್ ಎದ್ದುಬಂತು. ಜೋಡಿಸಿದ ಸ್ಕ್ರಿಪ್ಟ್ ಇಲ್ಲಿ ಹಾಕುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಎಸ್‌ಎಸ್‌ಡಿ ಆಗಿದ್ದರೆ ಈ ಆಟ ನಡೆಯುವುದು ಕಷ್ಟ. ಉಬುಂಟುವಿನಲ್ಲಿ ವಾರಕ್ಕೊಮ್ಮೆ ತಾನಾಗಿ ಓಡುವ ಎಫ್‌ಎಸ್‌ಟ್ರಿಮ್ ಖಾಲಿ ಜಾಗವನ್ನೆಲ್ಲ ಒರೆಸಿಬಿಡುತ್ತದೆ.

ಡಿಸ್ಕಿನ ದುಡ್ಡು ಬೇರೆ, ಕೂಲಿ 7,000 ತೆಗೆದುಕೊಂಡೆ. ಮಾಲೀಕರು ಒಂದು ಮಾತೂ ಆಡದೆ ಕೊಟ್ಟು, ಮೇಲೆ ಒಂದು ಸೇರು ಕರಿಮೆಣಸು ಕಳಿಸಿದರು. ಹೊಸ ಡಿಸ್ಕಿನಲ್ಲಿ ಜರ್ನಲ್ ಇದೆ, ವೇಗಕ್ಕೆ ನೋಏಟೈಮ್ (ಫೈಲ್ ಓದಿದಾಗೆಲ್ಲ ಸಮಯ ಬರೆಯಬೇಡ ಅನ್ನುವ ಆಪ್ಷನ್) ಹಾಕಿ ರ‍್ಯಾಮ್ 8 ಜಿಬಿ ಮಾಡಿದ್ದೇನೆ. ಮೇ ತಿಂಗಳ ಮೆಣಸು ಮಾರಿದ ಲೆಕ್ಕ ಒಂದು ಸಿಗಲಿಲ್ಲ. ಅದನ್ನು ರೈಟರ್ ಬಿಲ್ಲುಗಳನ್ನು ನೋಡಿ ಮತ್ತೆ ತುಂಬುತ್ತಿದ್ದಾರೆ.