ಐದಾರು ಆಲ್ಬಮ್‌ಗಳಿಂದ ಬೇಸ್ ಗಿಟಾರ್ ಕಲಿತದ್ದು: ನನ್ನ ಅನುಭವ

2006ರಲ್ಲಿ ಬೆಂಗಳೂರಿನಲ್ಲಿ 6,000 ರೂಪಾಯಿಗೆ ಯಾರೋ ಬಳಸಿ ಬಿಟ್ಟಿದ್ದ ಬೇಸ್ ಗಿಟಾರೊಂದನ್ನು (ತಗ್ಗು ಸ್ವರಗಳನ್ನು ನುಡಿಸುವ ಗಿಟಾರ್) ಕೊಂಡಾಗ ನನಗೆ ಅದರ ನಾಲ್ಕು ತಂತಿಗಳ ಶ್ರುತಿಯೂ ತಿಳಿದಿರಲಿಲ್ಲ. ಕಲಿಸುವವರು ಸಿಗದ ಕಾರಣ, 1976ರಿಂದ 1979ರ ನಡುವೆ ನ್ಯೂಯಾರ್ಕ್ ಮತ್ತು ಇಂಗ್ಲೆಂಡಿನಲ್ಲಿ ಹೊರಬಂದ ಕೆಲವು ಪಂಕ್ (ಸರಳವೂ ವೇಗವೂ ಆದ, ಒರಟು ರಾಕ್ ಸಂಗೀತ) ಹಾಗೂ ಅದರ ಬೆನ್ನಿಗೇ ಬಂದ ಪೋಸ್ಟ್-ಪಂಕ್ ಆಲ್ಬಮ್‌ಗಳನ್ನೇ ಪಠ್ಯವಾಗಿಟ್ಟುಕೊಂಡು ಕಲಿಯತೊಡಗಿದೆ. ಆ ಸಂಗೀತ ಮೊದಲಿನಿಂದಲೂ ನನಗೆ ಪ್ರಿಯವಾಗಿತ್ತು. ಆದರೆ ಅದನ್ನು ನುಡಿಸಲು ಹೊರಟ ಮೇಲೆಯೇ ಅದರೊಳಗೆ ಎಷ್ಟು ಜಾಗ ಖಾಲಿ ಬಿಟ್ಟಿದ್ದಾರೆ ಎಂಬುದು ಕಿವಿಗೆ ಬಿತ್ತು.

ಮೊದಲ ಪಾಠ ರಾಮೋನ್ಸ್ ತಂಡದ 1976ರ ಚೊಚ್ಚಲ ಆಲ್ಬಮ್‌ನಿಂದ ಸಿಕ್ಕಿತು. ಅರ್ಧ ಗಂಟೆಗೂ ಕಡಿಮೆ ಅವಧಿಯಲ್ಲಿ 14 ಹಾಡುಗಳಿರುವ ಈ ಆಲ್ಬಮ್‌ನಲ್ಲಿ ಗಿಟಾರ್ ಒಂದು ಕಿವಿಗೆ, ಬೇಸ್ ಇನ್ನೊಂದು ಕಿವಿಗೆ ಕೇಳುವಂತೆ ಬೇರ್ಪಡಿಸಿದ್ದಾರೆ. ಹೆಡ್‌ಫೋನ್‌ನಲ್ಲಿ ಬೇಸ್ ಇರುವ ಬದಿಯನ್ನು ಕಿವಿಯಿಂದ ಸರಿಸಿ, ಡೀ ಡೀ ರಾಮೋನ್ ನುಡಿಸುತ್ತಿದ್ದ ಜಾಗದಲ್ಲಿ ನಾನೇ ನುಡಿಸುತ್ತಾ ಹೋದೆ. ಪ್ರತಿ ಸ್ವರವನ್ನೂ ಮೇಲಿನಿಂದ ಕೆಳಕ್ಕೆ ಮಾತ್ರ ಮೀಟಬೇಕು, ವೇಗ ಒಂದಿಷ್ಟೂ ಇಳಿಯಬಾರದು. ಲಯ ತೋರುವ ಉಪಕರಣವಾದ ಮೆಟ್ರೊನೋಮನ್ನು ನಿಮಿಷಕ್ಕೆ 100 ಪೆಟ್ಟುಗಳಿಗೆ ಇಟ್ಟು ಆರಂಭಿಸಿದವನು 160ನ್ನು ಮುಟ್ಟುವಷ್ಟರಲ್ಲಿ ಐದು ತಿಂಗಳು ಕಳೆದಿದ್ದವು. ಮೊಣಕೈಯಿಂದ ಬಲ ಹಾಕುತ್ತಿದ್ದುದರಿಂದ ನೋವು ಕಾಣಿಸಿಕೊಂಡಿತು. ಮಣಿಕಟ್ಟನ್ನು ಸಡಿಲ ಬಿಟ್ಟು, ತಂತಿಯನ್ನು ಮೆಲ್ಲಗೆ ತಾಗಿಸುವುದನ್ನು ರೂಢಿಸಿಕೊಂಡ ಮೇಲೆ ವೇಗ ತಾನಾಗಿಯೇ ಬಂದಿತು.

ದಿ ಕ್ಲ್ಯಾಷ್ ತಂಡದ ಪಾಲ್ ಸಿಮನನ್ ಆರಂಭದ ದಿನಗಳಲ್ಲಿ ಬೇಸ್‌ನ ಕುತ್ತಿಗೆಯ ಮೇಲೆ ಸ್ವರಗಳ ಹೆಸರುಗಳನ್ನು ಬಣ್ಣದಲ್ಲಿ ಬರೆದುಕೊಂಡಿದ್ದರೆಂದು ಓದಿ, ನಾನೂ ಕಾಗದದ ಚೂರುಗಳನ್ನು ಅಂಟಿಸಿಕೊಂಡೆ. ಹಾಗೆ ಕಲಿತ ಆ ಮನುಷ್ಯ 1979ರ ಡಿಸೆಂಬರಿನಲ್ಲಿ ಬಂದ ‘ಲಂಡನ್ ಕಾಲಿಂಗ್’ ಆಲ್ಬಮ್‌ನ ‘ದಿ ಗನ್ಸ್ ಆಫ್ ಬ್ರಿಕ್ಸ್‌ಟನ್’ ಹಾಡನ್ನು ತಾನೇ ರಚಿಸಿ ಹಾಡಿದ್ದು ನನಗೆ ದೊಡ್ಡ ಧೈರ್ಯ ನೀಡಿತು.

ಆದರೆ ನನ್ನ ಕೈಯ ರೀತಿಯನ್ನೇ ಬದಲಿಸಿದ್ದು ಜಾಯ್ ಡಿವಿಷನ್ ತಂಡದ ‘ಅನ್‌ನೋನ್ ಪ್ಲೆಷರ್ಸ್’. ಅದರ ಬೇಸ್ ವಾದಕ ಪೀಟರ್ ಹುಕ್, 1976ರ ಜೂನ್ 4ರಂದು ಮ್ಯಾಂಚೆಸ್ಟರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಕಛೇರಿಯನ್ನು ಕೇಳಿ ಮರುದಿನವೇ ಬೇಸ್ ಗಿಟಾರ್ ಕೊಂಡವರು. ಗೆಳೆಯ ಬರ್ನಾರ್ಡ್ ಸಮ್ನರ್ ಅವರ ಗಿಟಾರಿನ ಸದ್ದಿನಲ್ಲಿ ತನ್ನ ವಾದ್ಯ ತನಗೇ ಕೇಳಿಸದಿದ್ದಾಗ ಅವರು ಮೇಲಿನ ಸ್ವರಗಳಿಗೆ ಏರಿದರು. ಹಾಡಿನ ರಾಗವನ್ನು ಬೇಸ್ ಹೊರುವ ಅವರ ಶೈಲಿ ಹುಟ್ಟಿದ್ದು ಆ ಅನಿವಾರ್ಯದಿಂದ. ಒಂದು ತಂತಿಯನ್ನು ಅದುಮದೆ ಮೊಳಗಲು ಬಿಟ್ಟು, ಪಕ್ಕದ ತಂತಿಯ ಮೇಲೆ ರಾಗವನ್ನು ನುಡಿಸುವ ಅವರ ವಿಧಾನ ನನಗೆ ಬಹುಬೇಗ ಒಗ್ಗಿತು. ಬಾಲ್ಯದಲ್ಲಿ ಅತ್ತೆಯ ಸಂಗೀತ ಪಾಠದ ಹೊತ್ತಿನಲ್ಲಿ ತಂಬೂರಿಯ ಪಕ್ಕ ಕುಳಿತು ಕೇಳಿದ್ದವನಿಗೆ, ಆಧಾರ ಶ್ರುತಿಯ ಮೇಲೆ ಸ್ವರ ನಿಲ್ಲುವ ಬಗೆಯನ್ನು ಬೇರೆಯಾಗಿ ವಿವರಿಸಬೇಕಾಗಿರಲಿಲ್ಲ.

ಆ ಆಲ್ಬಮ್ 1979ರ ಏಪ್ರಿಲ್‌ನಲ್ಲಿ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೊದಲ್ಲಿ ಧ್ವನಿಮುದ್ರಣಗೊಂಡಿತು. ನಿರ್ಮಾಪಕ ಮಾರ್ಟಿನ್ ಹ್ಯಾನೆಟ್, ಡ್ರಮ್ಮರ್ ಸ್ಟೀಫನ್ ಮಾರಿಸ್ ಅವರಿಂದ ಡ್ರಮ್ಮುಗಳನ್ನು ಒಂದೊಂದಾಗಿ ಬೇರೆ ಬೇರೆ ನುಡಿಸಿಸಿದರು. ಒಂದರ ಸದ್ದು ಇನ್ನೊಂದರ ಮೈಕ್‌ಗೆ ಸೋರಬಾರದೆಂಬುದು ಅವರ ಹಟ. ಹೀಗೆ ಶುದ್ಧವಾಗಿ ಪಡೆದ ಪೆಟ್ಟುಗಳಿಗೆ ಡಿಜಿಟಲ್ ಡಿಲೇ ಉಪಕರಣದಿಂದ ಕಿರಿದಾದ ಪ್ರತಿಧ್ವನಿಯನ್ನು ಸೇರಿಸಿ, ಇಡೀ ತಂಡ ಯಾವುದೋ ಬರಿದಾದ ಕಟ್ಟಡದಲ್ಲಿ ನಿಂತು ನುಡಿಸುತ್ತಿದೆಯೆಂಬ ಭಾವ ಹುಟ್ಟಿಸಿದರು. ವೇದಿಕೆಯ ಮೇಲೆ ಅಬ್ಬರಿಸುತ್ತಿದ್ದ ಹುಕ್ ಮತ್ತು ಸಮ್ನರ್ ಅವರಿಗೆ ಈ ಸದ್ದು ಮೊದಲು ಹಿಡಿಸಲಿಲ್ಲ. ನನ್ನ ಮಟ್ಟಿಗೆ ಹ್ಯಾನೆಟ್ ಮಾಡಿದ್ದೇ ಸರಿ. ತಂಡದ ಗಾಯಕ ಇಯಾನ್ ಕರ್ಟಿಸ್ ಅವರ ದನಿಯ ಒಂಟಿತನಕ್ಕೆ ಆ ಶೂನ್ಯ ಬೇಕೇ ಬೇಕಿತ್ತು.

2009ರಲ್ಲಿ ನಾವು ಮೂವರು ಗೆಳೆಯರು ಜಯನಗರದ ಒಂದು ಮನೆಯಲ್ಲಿ ನಾಲ್ಕು ಹಾಡುಗಳನ್ನು ಮುದ್ರಿಸಿಕೊಂಡಾಗ ಇದೇ ಕ್ರಮವನ್ನು ಅನುಸರಿಸಿದೆವು. ಮೂರೇ ಮೈಕ್‌ಗಳಿದ್ದುದರಿಂದ ಕಾಲಿನಿಂದ ಬಡಿಯುವ ಡ್ರಮ್ಮನ್ನು ಮೊದಲು, ಸ್ನೇರ್ ಡ್ರಮ್ಮನ್ನು ಬಳಿಕ, ತಾಳದ ತಟ್ಟೆಗಳನ್ನು ಕೊನೆಗೆ ಮುದ್ರಿಸಿದೆವು. ಮೊದಲ ದಿನದ ಫಲಿತಾಂಶ ನಿರ್ಜೀವವಾಗಿತ್ತು, ಏಕೆಂದರೆ ಒಂದೇ ಡ್ರಮ್ಮನ್ನು ಬಡಿಯುವಾಗ ಗೆಳೆಯನ ಉಳಿದ ಕೈಕಾಲುಗಳು ಸುಮ್ಮನಿದ್ದು, ಅವನ ಲಯ ಗಟ್ಟಿಯಾಗಿ ಬಿಗಿದುಕೊಳ್ಳುತ್ತಿತ್ತು. ಮರುದಿನ ಉಳಿದ ಡ್ರಮ್ಮುಗಳ ಜಾಗದಲ್ಲಿ ದಿಂಬುಗಳನ್ನಿಟ್ಟು ಎಲ್ಲವನ್ನೂ ಬಡಿಯಲು ಹೇಳಿದೆವು. ಮೈಕ್‌ಗೆ ಒಂದೇ ಸದ್ದು ಹೋಯಿತು, ಲಯವೂ ಉಳಿಯಿತು. ಪ್ರತಿಧ್ವನಿಗಾಗಿ ಸ್ಪೀಕರನ್ನು ಮಹಡಿಯ ಮೆಟ್ಟಿಲುಗಳ ಬುಡದಲ್ಲಿರಿಸಿ, ಮೈಕನ್ನು ಮೇಲ್ತುದಿಯಲ್ಲಿಟ್ಟು, ರಸ್ತೆಯ ವಾಹನಗಳು ಅಡಗಿದ ಬಳಿಕ ರಾತ್ರಿ ಎರಡು ಗಂಟೆಗೆ ಮುದ್ರಿಸಿಕೊಂಡೆವು.

ಗಿಟಾರಿಗೆ ಮಾದರಿಯಾಗಿದ್ದು ಲೀಡ್ಸ್ ನಗರದ ಗ್ಯಾಂಗ್ ಆಫ್ ಫೋರ್ ತಂಡದ ‘ಎಂಟರ್‌ಟೈನ್‌ಮೆಂಟ್!’. ವಾಲ್ವ್ (ನಿರ್ವಾತ ನಳಿಕೆ) ಆ್ಯಂಪ್ಲಿಫೈಯರ್‌ಗಳ ಬೆಚ್ಚನೆಯ ಸದ್ದು ಬೇಡವೆಂದು ಅದರ ಗಿಟಾರ್ ವಾದಕ ಆ್ಯಂಡಿ ಗಿಲ್ ಟ್ರಾನ್ಸಿಸ್ಟರ್ ಆ್ಯಂಪ್ಲಿಫೈಯರನ್ನೇ ಬೇಕೆಂದು ಆರಿಸಿಕೊಂಡಿದ್ದರು ಎಂದು ತಿಳಿದಾಗ, ತನ್ನ ಅಗ್ಗದ ಟ್ರಾನ್ಸಿಸ್ಟರ್ ಡಬ್ಬಿಯ ಬಗ್ಗೆ ಸಂಕೋಚಪಡುತ್ತಿದ್ದ ನಮ್ಮ ಗಿಟಾರ್ ವಾದಕ ಅದನ್ನು ಸಂತೋಷದಿಂದಲೇ ತಂದ. ಅವನು ಕತ್ತರಿಸಿದಂತೆ ನುಡಿಸಿ ನಿಲ್ಲಿಸಿದ ಕಡೆಗಳಲ್ಲೆಲ್ಲ ನನ್ನ ಬೇಸ್‌ಗೆ ದಾರಿ ತೆರೆಯಿತು.

ನಾಲ್ಕನೆಯ ಹಾಡು ಮಾತ್ರ ಕೂಡಿಬರಲಿಲ್ಲ. ಆಗ ನೆರವಿಗೆ ಬಂದದ್ದು ದಿ ಸ್ಲಿಟ್ಸ್ ತಂಡದ ‘ಕಟ್’. ಜಮೈಕಾ ಮೂಲದ ರೆಗೆ ಮತ್ತು ಡಬ್ ಸಂಗೀತದಲ್ಲಿ ಪಳಗಿದ ಡೆನ್ನಿಸ್ ಬೊವೆಲ್ ನಿರ್ಮಿಸಿದ ಆ ಆಲ್ಬಮ್‌ನ ‘ನ್ಯೂಟೌನ್’ ಹಾಡಿನಲ್ಲಿ ಬೆಂಕಿಪೆಟ್ಟಿಗೆ ಅಲುಗಿಸುವ ಸದ್ದು, ಚಮಚ ಬೀಳುವ ಸದ್ದುಗಳೇ ತಾಳವಾದ್ಯಗಳಾಗಿವೆ. ಟೆಸ್ಸಾ ಪೊಲಿಟ್ ಅವರ ಬೇಸ್ ಅವುಗಳ ನಡುವೆ ಅವಸರವಿಲ್ಲದೆ ನಡೆಯುತ್ತದೆ. ನಾನು ನನ್ನ ಹಾಡಿನಿಂದ ಅರ್ಧದಷ್ಟು ಸ್ವರಗಳನ್ನು ತೆಗೆದುಹಾಕಿದೆ. ಪ್ರತಿ ಸಾಲಿನ ಮೊದಲ ಪೆಟ್ಟನ್ನೂ ಬಿಟ್ಟೆ. ಹಾಡು ಉಸಿರಾಡತೊಡಗಿತು.

ನಮ್ಮ ಹಾಡುಗಳನ್ನು ಹೊರತರುವ ಬಗೆಯನ್ನು ಬಝ್‌ಕಾಕ್ಸ್ ತಂಡದ ‘ಸ್ಪೈರಲ್ ಸ್ಕ್ರಾಚ್’ ತೋರಿಸಿಕೊಟ್ಟಿತು. ಅದು 1977ರ ಜನವರಿಯಲ್ಲಿ, ಸಾಲವಾಗಿ ತಂದ ಸುಮಾರು 500 ಪೌಂಡ್‌ಗಳಲ್ಲಿ, ತಂಡದವರೇ ಹೊರತಂದ ನಾಲ್ಕು ಹಾಡುಗಳ ಪುಟ್ಟ ಮುದ್ರಿಕೆ. ನಿರ್ಮಾಪಕ ಅದೇ ಹ್ಯಾನೆಟ್, ಆಗಿನ್ನೂ ಮಾರ್ಟಿನ್ ಜೀರೊ ಎಂಬ ಹೆಸರಿನಲ್ಲಿ. ಯಾವ ಹಾಡನ್ನು ಎಷ್ಟನೆಯ ಯತ್ನದಲ್ಲಿ ಮುದ್ರಿಸಿದರೆಂಬುದನ್ನು ಅವರು ಹೊದಿಕೆಯ ಮೇಲೆಯೇ ಅಚ್ಚು ಹಾಕಿದ್ದರು. ನಾವೂ 100 ಸಿಡಿಗಳನ್ನು ಮಾಡಿ, ಮಡಿಚಿದ ಕಾಗದದ ಹೊದಿಕೆಯ ಹಿಂಬದಿಯಲ್ಲಿ ಮೂರು ಮೈಕ್‌ಗಳು ಎಲ್ಲೆಲ್ಲಿದ್ದವು, ದಿಂಬುಗಳು ಎಷ್ಟು, ಮೆಟ್ಟಿಲುಗಳು ಎಷ್ಟು, ಯಾವ ಹಾಡಿಗೆ ಎಷ್ಟು ಯತ್ನಗಳಾದವು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದೆವು. ನಾಲ್ಕನೆಯ ಹಾಡಿನ ಎದುರು 31 ಎಂದಿದೆ.