ದೃಷ್ಟಿ ಮರಳುವುದಿಲ್ಲ ಎಂದು ತಿಳಿದ ಮೇಲೆ

ನನ್ನ ಕಾಯಿಲೆಯ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ತಿಳಿದಾಗ ನನಗೆ 36 ವರ್ಷ. ಧಾರವಾಡ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಅಕ್ಷಿಪಟಲದಲ್ಲಿ ಮಂದ ಬೆಳಕನ್ನು ಗ್ರಹಿಸುವ ಜೀವಕೋಶಗಳು ಮೊದಲು ಸಾಯುತ್ತವೆ, ಆದ್ದರಿಂದಲೇ ಇರುಳು ಕಾಣದಾಗುತ್ತದೆ, ಬಳಿಕ ನೋಟವು ಅಂಚಿನಿಂದ ಒಳಕ್ಕೆ ಕಿರಿದಾಗುತ್ತ ಬರುತ್ತದೆ, ಕಳೆದದ್ದು ಮರಳುವುದಿಲ್ಲ ಎಂದು ವೈದ್ಯರು ನಿಧಾನವಾಗಿ ವಿವರಿಸಿದರು. ಅಂದು ನನ್ನ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತು ಮಾತ್ರ.

ಮುಂದಿನ ಒಂದು ವರ್ಷ ಯಾರು ಏನು ಹೇಳಿದರೂ ಮಾಡಿದೆ. ಅಮೆರಿಕದಲ್ಲಿ 2017ರಲ್ಲಿ ಜೀನ್ ಚಿಕಿತ್ಸೆಯೊಂದಕ್ಕೆ ಅನುಮತಿ ದೊರೆತದ್ದನ್ನು ಓದಿ ಅದನ್ನೇ ನಂಬಿಕೊಂಡಿದ್ದೆ. ಅದು ಆರ್‌ಪಿಇ65 ಎಂಬ ಒಂದೇ ಜೀನಿನ ದೋಷಕ್ಕೆ ಸಲ್ಲುವ ಚಿಕಿತ್ಸೆ. ನನ್ನ ದೋಷ ಬೇರೆ ಜೀನಿನದೆಂದು ರಕ್ತಪರೀಕ್ಷೆಯ ವರದಿ ಹೇಳಿತು. ಆ ಸಂಜೆ ಬಹಳ ಹೊತ್ತು ಅಳುತ್ತ ಕುಳಿತೆ. ಆದರೆ ನಿಜ ಹೇಳಬೇಕೆಂದರೆ, ಎಷ್ಟೋ ತಿಂಗಳ ಮೇಲೆ ನನಗೆ ಕಣ್ತುಂಬ ನಿದ್ದೆ ಬಂದದ್ದು ಅದೇ ರಾತ್ರಿ. ಕಾಯುವ ದಣಿವು ದುಃಖಕ್ಕಿಂತ ದೊಡ್ಡದಿತ್ತು.

ನನ್ನ ದುಃಖಕ್ಕಿಂತ ಅವ್ವನ ದುಃಖವನ್ನು ನೋಡುವುದು ಕಷ್ಟವಾಯಿತು. ಅವ್ವ ತನ್ನ ಸೋದರಮಾವನನ್ನೇ ಮದುವೆಯಾದವಳು. ರಕ್ತಸಂಬಂಧದ ಮದುವೆಯಲ್ಲಿ ಇಂಥ ಕಾಯಿಲೆಯ ಸಂಭವ ಹೆಚ್ಚೆಂದು ಯಾರೋ ಹೇಳಿದ್ದೇ ತಡ, "ನಾವು ಮಾಡಿದ್ದನ್ನ ನೀ ಉಣ್ಣಾಕತ್ತೀ, ನನ ಮಗಳ" ಎಂದು ಊಟ ಬಿಟ್ಟಳು. ನಾನು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ತರಗತಿಯಲ್ಲಿ ಸಂಭವನೀಯತೆ ಕಲಿಸುವಂತೆಯೇ ಆಕೆಗೆ ತಿಳಿಸಿದೆ: ತಂದೆತಾಯಿ ಇಬ್ಬರಲ್ಲೂ ದೋಷವಿರುವ ಜೀನಿನ ಒಂದೊಂದು ಪ್ರತಿ ಇದ್ದರೂ ಅವರ ಕಣ್ಣಿಗೆ ಏನೂ ಆಗುವುದಿಲ್ಲ, ಹಾಗಾಗಿ ತಿಳಿಯುವ ದಾರಿಯೇ ಇರಲಿಲ್ಲ, ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ 4ರಲ್ಲಿ 1. ಅವ್ವ ಲೆಕ್ಕವನ್ನು ಒಪ್ಪಿದಳೋ ಇಲ್ಲವೋ, ಅಂದು ನನ್ನ ಜೊತೆ ಕುಳಿತು ಊಟ ಮಾಡಿದಳು. ಅವಳಿಗೆ ವಿವರಿಸುತ್ತಲೇ ನನ್ನೊಳಗೆ ಅಡಗಿದ್ದ ಸಿಟ್ಟೂ ಕರಗಿತೆಂದು ನನಗೆ ಅನ್ನಿಸುತ್ತದೆ.

ನೌಕರಿಯ ಭಯ ಇದ್ದೇ ಇತ್ತು. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆಯನ್ನೂ ಇಳಿಸುವಂತಿಲ್ಲ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಆ ಸಾಲನ್ನು ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಯಾರ ಸಮಾಧಾನದ ಮಾತಿಗಿಂತಲೂ ಅದು ನನಗೆ ಧೈರ್ಯ ಕೊಟ್ಟಿತು.

ಬಿಳಿ ಕೋಲು ಮಾತ್ರ 5 ತಿಂಗಳು ಬ್ಯಾಗಿನಿಂದ ಹೊರಗೆ ಬರಲಿಲ್ಲ. ಅದನ್ನು ಬಿಚ್ಚಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಸಂಕೋಚ. ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕಿಗೆ ಡಿಕ್ಕಿ ಹೊಡೆದು, ಅವಳ ಬುಟ್ಟಿಯ ನಿಂಬೆಹಣ್ಣುಗಳೆಲ್ಲ ಉರುಳಿಹೋದಾಗ, ಕೂತು ಆರಿಸಿಕೊಡಲು ಹೋದರೆ ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಮರುದಿನ ಕೋಲು ಹಿಡಿದೇ ಶಾಲೆಗೆ ಹೋದೆ, ಮಕ್ಕಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ.

ಈ ಕಾಯಿಲೆಯ ದುಃಖ ಒಮ್ಮೆ ಬಂದು ಮುಗಿಯುವಂಥದ್ದಲ್ಲ. ವರ್ಷಕ್ಕೊಮ್ಮೆ ದೃಷ್ಟಿಯ ಹರವನ್ನು ಅಳೆಯುವ ಪರೀಕ್ಷೆಯಲ್ಲಿ ನಕ್ಷೆಯ ಕಪ್ಪು ಭಾಗ ಇನ್ನಷ್ಟು ಬೆಳೆದಿರುತ್ತದೆ, ಎದೆ ಮತ್ತೆ ಧಸಕ್ಕೆನ್ನುತ್ತದೆ. ಅದಕ್ಕಾಗಿ ಪರೀಕ್ಷೆಯ ಮರುದಿನ ರಜೆ ಹಾಕುತ್ತೇನೆ. ಅಂದು ಅವ್ವನ ಪಕ್ಕ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತ ಕೂರುತ್ತೇನೆ. ಅಳು ಬಂದರೆ ಅಳುತ್ತೇನೆ, ಅವ್ವ ತಡೆಯುವುದಿಲ್ಲ. ಹರಳುಗಳು ಈಗ ಬೆರಳಿಗೇ ಸಿಗುತ್ತವೆ.